ಕೊಟ್ಟ ದಾನ ಮೂರನೆಯ ಬೇಸಿಗೆಗೆ ಏನಾಗಿದೆ?

ಮುಂಗಾರು ಕಾಲಿರಿಸಿದೊಡನೆ ಅರಕಲಗೂಡು ಸೀಮೆಯ ಗುಡ್ಡದಂಚಿನ ಊರುಗಳಿಗೆ ದಾನಿಗಳ ವಾಹನಗಳು ಬರತೊಡಗುತ್ತವೆ. ಕೆಲವರು ಸಸಿಗಳನ್ನು ತರುತ್ತಾರೆ. ಕೆಲವರು ಶಾಲೆಯ ಮಕ್ಕಳಿಗೆ ಚೀಲ, ನೋಟ್‌ಪುಸ್ತಕ ಹಂಚುತ್ತಾರೆ. ಇನ್ನು ಕೆಲವರು ಕುಡಿಯುವ ನೀರಿನ ಯಂತ್ರವನ್ನೋ, ಸೌರದೀಪದ ಕಂಬವನ್ನೋ ನಿಲ್ಲಿಸಿ ಹೋಗುತ್ತಾರೆ. ಊರಿನವರು ಹಾರ ಹಾಕುತ್ತಾರೆ, ಛಾಯಾಚಿತ್ರ ತೆಗೆಯಲಾಗುತ್ತದೆ, ದಾನಿಯ ಹೆಸರಿನ ಫಲಕ ಉಳಿಯುತ್ತದೆ. ಮುಂದಿನ ಬೇಸಿಗೆಯಲ್ಲಿ ಆ ಸಸಿಗಳಲ್ಲಿ ಎಷ್ಟು ಹಸಿರಾಗಿವೆ, ಆ ಯಂತ್ರದಲ್ಲಿ ನೀರು ಬರುತ್ತಿದೆಯೇ, ಆ ದೀಪ ಉರಿಯುತ್ತಿದೆಯೇ ಎಂದು ನೋಡಲು ಮಾತ್ರ ಯಾರೂ ಬರುವುದಿಲ್ಲ. ಊರಿನವರೂ ಕೇಳುವುದಿಲ್ಲ. ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದೆಂಬ ಸಂಕೋಚ ಅವರದು.

ದಾನಿಗಳ ಮನಸ್ಸು ಒಳ್ಳೆಯದೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಳ್ಳೆಯ ಮನಸ್ಸಿನಿಂದ ಹೊರಟ ಹಣವೆಲ್ಲ ಒಳ್ಳೆಯ ಫಲವನ್ನೇ ಕೊಡುತ್ತದೆ ಎನ್ನಲಾಗದು. ಒಂದೇ ಮೊತ್ತದ ಹಣ ಒಂದು ಕಡೆ ಹತ್ತು ಕುಟುಂಬಗಳ ಬದುಕನ್ನು ಹಗುರ ಮಾಡಬಹುದು, ಇನ್ನೊಂದು ಕಡೆ ಎರಡು ವರ್ಷದಲ್ಲಿ ತುಕ್ಕು ಹಿಡಿದು ಕೂರಬಹುದು. ಈ ವ್ಯತ್ಯಾಸ ಸಣ್ಣದಲ್ಲ. ಗುಡ್ಡದ ಊರಿಗೆ ದಾನ ಬರುವುದೇ ಅಪರೂಪ. ಬಂದದ್ದು ಪೋಲಾದರೆ ನಷ್ಟ ದಾನಿಗಲ್ಲ, ಊರಿಗೆ. ಆದ್ದರಿಂದ ದಾನದ ಬೆಲೆಯನ್ನು ಕೊಟ್ಟ ದಿನದ ಮೊತ್ತದಿಂದ ಅಳೆಯದೆ, ಮೂರನೆಯ ಬೇಸಿಗೆಯಲ್ಲಿ ಅದರಿಂದ ಉಳಿದಿರುವುದೆಷ್ಟು ಎಂಬುದರಿಂದ ಅಳೆಯಬೇಕು. ಆ ಅಳತೆಯನ್ನು ಊರಿನವರೇ ಮಾಡಬೇಕು.

ಶಾಸನಗಳು ಹೇಳುವ ಪಾಠ

ಇದು ಪರದೇಶದಿಂದ ಬಂದ ಹೊಸ ವಿಚಾರವೆಂದು ಭಾವಿಸಬೇಕಾಗಿಲ್ಲ. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟ ಹಾಸನ ಜಿಲ್ಲೆಯ ಶಾಸನಗಳದು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳೂ ಅದರಲ್ಲಿ ಸೇರಿವೆ. ಕನ್ನಡ ನಾಡಿನ ಶಾಸನಗಳನ್ನು ಓದುತ್ತ ಹೋದರೆ ಕಾಣುವುದು ಬಹುಪಾಲು ದಾನದ ಕಥೆಯೇ. ದೇವಾಲಯಕ್ಕೆ ಬಿಟ್ಟ ಭೂಮಿ, ಬ್ರಾಹ್ಮಣರಿಗೆ ಕೊಟ್ಟ ಅಗ್ರಹಾರ, ಸತ್ರಕ್ಕೆ ಕೊಟ್ಟ ಭತ್ತ, ಕೆರೆಗೆ ಕೊಟ್ಟ ಗದ್ದೆ.

ಈ ಪೈಕಿ ಕೆರೆಯ ದಾನಗಳು ಇಂದಿನವರು ಕಲಿಯಬೇಕಾದ ಒಂದು ಸಂಗತಿಯನ್ನು ಒಳಗೊಂಡಿವೆ. ಕೆರೆ ಕಟ್ಟಿಸಿದರೆ ಪುಣ್ಯ ಮುಗಿಯಿತೆಂದು ಅಂದಿನ ದಾನಿ ಎಣಿಸಲಿಲ್ಲ. ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಹೆಸರಿನ ಏರ್ಪಾಡುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟುವವನಿಗೆ, ಮುರಿದಾಗ ದುರಸ್ತಿ ಮಾಡುವವನಿಗೆ, ಕಾಪಾಡುವವನಿಗೆ ಭೂಮಿಯನ್ನೋ, ಕೆರೆಯ ಕೆಳಗಿನ ಗದ್ದೆಯ ಒಂದು ಪಾಲನ್ನೋ ಬಿಟ್ಟುಕೊಡುವ ಕ್ರಮ ಅದು. ಹೂಳು ತೆಗೆಯುವ ಬಂಡಿಗೂ ಅದನ್ನು ಎಳೆಯುವ ಕೋಣಗಳಿಗೂ ದತ್ತಿ ಬಿಟ್ಟ ಉದಾಹರಣೆಗಳು ಕರ್ನಾಟಕದ ಶಾಸನಗಳಲ್ಲಿವೆ. ಕೆರೆ ಎಂದ ಮೇಲೆ ಹೂಳು ತುಂಬುತ್ತದೆ, ಏರಿಯಲ್ಲಿ ಇಲಿ ಬಿಲ ತೋಡುತ್ತದೆ, ತೂಬು ಸೋರುತ್ತದೆ, ಕೋಡಿ ಕುಸಿಯುತ್ತದೆ. ಇದನ್ನು ಬಲ್ಲ ದಾನಿ ತನ್ನ ಕಾಲದ ನಂತರವೂ ಅದನ್ನು ನೋಡಿಕೊಳ್ಳುವವನ ಊಟಕ್ಕೆ ದಾರಿ ಮಾಡಿಯೇ ಕಣ್ಣು ಮುಚ್ಚಿದ.

ಆ ವ್ಯವಸ್ಥೆಯಲ್ಲಿ ಜಾತಿಯ ಮೇಲುಕೀಳು ಇತ್ತು, ಭೂಮಿಯ ಒಡೆತನದ ಅನ್ಯಾಯವೂ ಇತ್ತು. ಅದನ್ನು ಮರಳಿ ತರಬೇಕೆಂದು ಯಾರೂ ಬಯಸುವುದಿಲ್ಲ. ಆದರೆ ನಿರ್ಮಾಣದ ಖರ್ಚು ಹಾಗೂ ಪಾಲನೆಯ ಖರ್ಚನ್ನು ಒಂದೇ ದಾನದೊಳಗೆ ಸೇರಿಸಿದ ಆ ವಿವೇಕವನ್ನು ಕಳೆದುಕೊಂಡದ್ದು ಇತ್ತೀಚೆಗೆ. ಕೆರೆ ಸರ್ಕಾರದ್ದಾಯಿತು, ನೀರುಗಂಟಿಯ ಹುದ್ದೆ ಮರೆತುಹೋಯಿತು, ಹೂಳು ಊರಿನದಾಗಿ ಉಳಿಯಿತು.

ಈಚಿನ ವರ್ಷಗಳಲ್ಲಿ ಜನರ ದೇಣಿಗೆಯಿಂದ ಕೆರೆಗಳ ಹೂಳೆತ್ತುವ ಕೆಲಸ ಮತ್ತೆ ಚುರುಕಾಗಿದೆ. 2016ರಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮವನ್ನು ಆರಂಭಿಸಿತು. 2017ರ ಬರಗಾಲದ ದಿನಗಳಲ್ಲಿ ಹಾಸನದ ಹಸಿರುಭೂಮಿ ಪ್ರತಿಷ್ಠಾನ ಸಾರ್ವಜನಿಕರ ನೆರವಿನಿಂದ ಕೆರೆ, ಕಲ್ಯಾಣಿಗಳ ಹೂಳೆತ್ತಲು ಮುಂದಾಯಿತು. ಇಂಥ ಪ್ರಯತ್ನಗಳು ಸ್ವಾಗತಾರ್ಹ. ಹೂಳೆತ್ತಿದ ಮೇಲೆ ನೀರು ಹರಿದುಬರುವ ಕಾಲುವೆಯನ್ನು ಯಾರು ತೆರವಾಗಿಡುತ್ತಾರೆ, ಮೇಲಿನ ಹೊಲಗಳ ಬದು ಕಟ್ಟಿ ಹೊಸ ಹೂಳು ಬರದಂತೆ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಊರಿನಲ್ಲಿ ಉತ್ತರ ಇದ್ದರೆ ಆ ದಾನ ಬಹುಕಾಲ ಬಾಳುತ್ತದೆ. ಉತ್ತರ ಇಲ್ಲದಿದ್ದರೆ ಕೆಲವು ಮಳೆಗಾಲಗಳ ನಂತರ ಮತ್ತೊಬ್ಬ ದಾನಿಯನ್ನು ಹುಡುಕಬೇಕಾಗುತ್ತದೆ.

ಇಂದಿನ ದಾನದ ಹಣ

ಹಿಂದಿನ ದಾನಿ ಅರಸನೋ, ಸಾಮಂತನೋ, ವರ್ತಕನೋ ಆಗಿದ್ದ. ಇಂದು ದಾನದ ದೊಡ್ಡ ಹಣ ಉದ್ಯಮಗಳಿಂದ ಬರುತ್ತದೆ. 2013ರ ಕಂಪನಿ ಕಾಯ್ದೆಯ 135ನೆಯ ವಿಧಿಯ ಪ್ರಕಾರ, ನಿಗದಿತ ಮಟ್ಟಕ್ಕಿಂತ ಹೆಚ್ಚಿನ ಆಸ್ತಿ, ವಹಿವಾಟು ಅಥವಾ ಲಾಭವುಳ್ಳ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕು. ಇದು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಂಪನಿ ತಾನು ಇರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಕಾರ್ಖಾನೆಗಳಿರುವ ಕಡೆಗೆ ಹಣ ಹೆಚ್ಚು ಹರಿಯುತ್ತದೆ. ಕಾರ್ಖಾನೆಯಿಲ್ಲದ ಗುಡ್ಡದ ಹೋಬಳಿಗಳಿಗೆ ಉಳಿದದ್ದು ಬರುತ್ತದೆ. ಅದೂ ವರ್ಷದ ಲೆಕ್ಕ ಮುಗಿಯುವ ಮಾರ್ಚ್ ತಿಂಗಳಿನೊಳಗೆ ವೆಚ್ಚವಾಗಬೇಕೆಂಬ ಅವಸರದೊಡನೆ ಬರುವುದುಂಟು. ಗಿಡ ನೆಡುವ ಕಾಲಕ್ಕೂ ಲೆಕ್ಕ ಮುಗಿಯುವ ಕಾಲಕ್ಕೂ ಹೊಂದಿಕೆಯಿಲ್ಲ.

2021ರಲ್ಲಿ ಈ ನಿಯಮಗಳಿಗೆ ತಿದ್ದುಪಡಿ ತಂದು, ಹಲವು ವರ್ಷ ನಡೆಯುವ ಯೋಜನೆಗಳಿಗೆ ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳವರೆಗೆ ಅವಕಾಶ ಕಲ್ಪಿಸಲಾಯಿತು. ವರ್ಷಕ್ಕೆ ಸರಾಸರಿ 10 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚು ವೆಚ್ಚ ಮಾಡಬೇಕಾದ ಕಂಪನಿಗಳು 1 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಯೋಜನೆಗಳ ಫಲವನ್ನು ಹೊರಗಿನವರಿಂದ ಪರಿಶೀಲನೆ ಮಾಡಿಸಬೇಕೆಂಬ ನಿಯಮವೂ ಬಂತು. ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಗುಡ್ಡದ ಊರಿಗೆ ಬರುವ ದಾನ 1 ಕೋಟಿಯದಲ್ಲ. 50 ಸಾವಿರದ್ದೋ, 2 ಲಕ್ಷದ್ದೋ ಆಗಿರುತ್ತದೆ. ಆ ದಾನದ ಫಲವನ್ನು ನೋಡಲು ಯಾವ ಪರಿಶೀಲಕನೂ ಬರುವುದಿಲ್ಲ. ಆದ್ದರಿಂದಲೇ ಆ ಹೊಣೆ ಊರಿನ ಮೇಲೆ ಬೀಳುತ್ತದೆ.

ಸಸಿಯ ಲೆಕ್ಕ

ಕೆ. ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವವನ್ನು ಆರಂಭಿಸಿದಂದಿನಿಂದ ನೆಟ್ಟ ಸಸಿಗಳ ಸಂಖ್ಯೆಯೇ ಮರ ಬೆಳೆಸಿದ್ದರ ಅಳತೆಯಾಗಿದೆ. ದಾನಿಗಳೂ ಇದೇ ಅಳತೆಯನ್ನು ಹಿಡಿದಿದ್ದಾರೆ. ಇದು ಎಷ್ಟು ತಪ್ಪುದಾರಿಗೆ ಎಳೆಯುತ್ತದೆ ಎಂಬುದನ್ನು ಒಂದು ಊಹೆಯ ಲೆಕ್ಕದಿಂದ ನೋಡಬಹುದು.

ಒಬ್ಬ ದಾನಿ 50,000 ರೂಪಾಯಿ ಕೊಟ್ಟನೆಂದು ಇಟ್ಟುಕೊಳ್ಳೋಣ. ಸಸಿ, ಗುಂಡಿ, ನೆಡುವ ಕೂಲಿ ಸೇರಿ ಒಂದಕ್ಕೆ 50 ರೂಪಾಯಿಯಂತೆ 1,000 ಸಸಿಗಳನ್ನು ನೆಡಲಾಯಿತು. ಬೇಲಿಯಿಲ್ಲ, ನೀರಿಲ್ಲ. ಮೂರನೆಯ ಬೇಸಿಗೆಯ ಕೊನೆಗೆ 150 ಉಳಿದವು. ಆಗ ಉಳಿದ ಒಂದೊಂದು ಗಿಡಕ್ಕೆ ತಗುಲಿದ ವೆಚ್ಚ 333 ರೂಪಾಯಿ. ಅದೇ ಹಣದಲ್ಲಿ 400 ಸಸಿಗಳನ್ನು ಮಾತ್ರ ನೆಟ್ಟು, ಮಿಕ್ಕ 30,000 ರೂಪಾಯಿಯನ್ನು ಮುಳ್ಳುಬೇಲಿಗೆ, ಎರಡು ಬೇಸಿಗೆಗಳಲ್ಲಿ ನೀರು ಹಾಕುವ ಕೂಲಿಗೆ, ಸತ್ತ ಸಸಿಗಳ ಜಾಗದಲ್ಲಿ ಮರುನೆಡುವಿಕೆಗೆ ಇಟ್ಟರೆ, ಹಾಗೂ 280 ಉಳಿದರೆ, ಒಂದು ಗಿಡದ ವೆಚ್ಚ 179 ರೂಪಾಯಿ. ವರದಿಯಲ್ಲಿ ಮೊದಲನೆಯದು ‘ಸಾವಿರ ಸಸಿ’ ಎಂದು ಮೆರೆಯುತ್ತದೆ. ನೆಲದ ಮೇಲೆ ಎರಡನೆಯದೇ ದೊಡ್ಡದು. ಈ ಅಂಕಿಗಳು ಉದಾಹರಣೆಗಾಗಿ ಹೇಳಿದವು. ನಿಜವಾದ ಅಂಕಿಗಳನ್ನು ಆಯಾ ಊರಿನವರು ತಮ್ಮ ಗೋಮಾಳದಲ್ಲೇ ಎಣಿಸಿ ಬರೆದುಕೊಳ್ಳಬಹುದು.

ಅರಕಲಗೂಡಿನಂಥ ಅರೆಮಲೆನಾಡಿನಲ್ಲಿ ಈ ಎಣಿಕೆಗೆ ಇನ್ನೂ ಹೆಚ್ಚಿನ ಅರ್ಥವಿದೆ. ಪಡುವಣದ ಮಲ್ಲಿಪಟ್ಟಣದ ಕಡೆ ಸುರಿಯುವ ಮಳೆ ಮೂಡಣದ ಕಡೆ ಸುರಿಯುವುದಿಲ್ಲ. ಒಂದೇ ತಾಲ್ಲೂಕಿನಲ್ಲಿ ಒಂದು ಕಡೆ ತಾನಾಗಿ ಬದುಕುವ ಗಿಡ ಇನ್ನೊಂದು ಕಡೆ ಫೆಬ್ರುವರಿಯಿಂದ ಮೇ ತಿಂಗಳವರೆಗೆ ಕೊಡದ ನೀರು ಕೇಳುತ್ತದೆ. ಬೆಂಗಳೂರಿನಲ್ಲಿ ಕುಳಿತು ಎರಡೂ ಕಡೆಗೆ ಒಂದೇ ಜಾತಿಯ ಸಸಿ, ಒಂದೇ ಸಂಖ್ಯೆ ನಿಗದಿ ಮಾಡುವ ದಾನಿಗೆ ಈ ವ್ಯತ್ಯಾಸ ತಿಳಿಯದು. ತಿಳಿಸಬೇಕಾದವರು ಊರಿನವರು.

ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಈ ದಾನ ಇಲ್ಲದಿದ್ದರೆ ಏನಾಗುತ್ತಿತ್ತು? ಕುರುಚಲು ಗುಡ್ಡದಲ್ಲಿ ಕಡಿದ ಮರಗಳ ಬೊಡ್ಡೆಗಳು ಜೀವಂತವಾಗಿದ್ದರೆ, ದನ ಕುರಿ ನುಗ್ಗದಂತೆ ಬೇಲಿ ಹಾಕಿ, ಬೆಂಕಿ ಬೀಳದಂತೆ ಕಾದರೆ, ಅವು ತಾವಾಗಿಯೇ ಚಿಗುರುತ್ತವೆ. ಅಂಥ ಕಡೆ ಗುಂಡಿ ತೋಡಿ ಹೊಸ ಸಸಿ ನೆಡುವುದು ದಂಡದ ಖರ್ಚು. ಸರ್ಕಾರದ ಹಣದಲ್ಲಿ ಹೇಗೂ ಆಗಲಿದ್ದ ಕೆಲಸಕ್ಕೆ ದಾನದ ಹಣ ಹಾಕಿದರೂ ಹೆಚ್ಚಿನ ಫಲವಿಲ್ಲ. ಸರ್ಕಾರ ಕೊಡದ ಕಡೆಗೆ, ಯಾರೂ ನೋಡದ ಕಡೆಗೆ ಹೋದಾಗಲೇ ದಾನದ ಹಣಕ್ಕೆ ಹೆಚ್ಚು ಬಲ ಬರುತ್ತದೆ.

ತಾಲ್ಲೂಕಿನ ಹೊಗೆಸೊಪ್ಪಿನ ಬೇಸಾಯವನ್ನೇ ನೋಡಬಹುದು. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಸುತ್ತಲಿನ ಹೋಬಳಿಗಳಲ್ಲಿ ಎಲೆಯನ್ನು ಬ್ಯಾರನ್‌ಗಳಲ್ಲಿ ಹದ ಮಾಡಲಾಗುತ್ತದೆ. ಒಂದು ಕಿಲೋ ಹದವಾದ ಎಲೆಗೆ ಅದರ ಹಲವು ಪಟ್ಟು ತೂಕದ ಸೌದೆ ಉರಿಯುತ್ತದೆ. ಇಲ್ಲಿ ಮರಗಳನ್ನು ಉಳಿಸಬಯಸುವ ದಾನಿಯ ಮುಂದೆ ಮೂರು ದಾರಿಗಳಿವೆ. ಸೌದೆಗಾಗಿ ಮರ ಬೆಳೆಸುವುದು ಒಂದು. ಬ್ಯಾರನ್‌ನ ಶಾಖ ಸೋರದಂತೆ ಮಾಡಿ ಸೌದೆಯ ಬಳಕೆಯನ್ನೇ ತಗ್ಗಿಸುವುದು ಎರಡನೆಯದು. ಹೊಗೆಸೊಪ್ಪನ್ನು ಬಿಡಬಯಸುವ ರೈತನಿಗೆ ಬೇರೆ ಬೆಳೆಯ ಬೀಜ, ಮಾರುಕಟ್ಟೆ, ಮೊದಲ ಎರಡು ವರ್ಷದ ಆಸರೆ ಒದಗಿಸುವುದು ಮೂರನೆಯದು. ಒಂದು ಸಾವಿರ ರೂಪಾಯಿಗೆ ಯಾವ ದಾರಿಯಲ್ಲಿ ಹೆಚ್ಚು ಮರ ಉಳಿಯುತ್ತದೆ ಎಂದು ಹೋಲಿಸಿ ನೋಡದೆ ಮೊದಲನೆಯದನ್ನೇ ಹಿಡಿಯುವುದಕ್ಕೆ ಕಾರಣ, ಸಸಿ ನೆಡುವ ಚಿತ್ರ ಚೆನ್ನಾಗಿ ಬರುತ್ತದೆ ಎಂಬುದಷ್ಟೇ ಆಗಬಾರದು.

ಕೇಳಿ ಕೊಟ್ಟದ್ದು, ನೋಡಿಕೊಂಡದ್ದು, ಎಣಿಸಿದ್ದು

ದಾನ ಫಲಿಸಲು ಏನು ಬೇಕೆಂಬುದನ್ನು ಮೂರು ನಿಜ ಸಂಗತಿಗಳು ತಿಳಿಸುತ್ತವೆ. ಮೊದಲನೆಯದು ನೆರೆಯ ತುಮಕೂರು ಜಿಲ್ಲೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಎಂಬ ಕೇಂದ್ರ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಮುದಾಯದ ಗೋಬರ್ ಅನಿಲ ಸ್ಥಾವರವನ್ನು ನಿರ್ಮಿಸಿತು. ಅಡುಗೆಗೆ ಅನಿಲ ಕೊಡುವುದು ಮೊದಲಿನ ಉದ್ದೇಶವಾಗಿತ್ತು. ಅದು ಸಫಲವಾಗಲಿಲ್ಲ. ಸಿಕ್ಕ ಅನಿಲ ಮನೆಗಳ ಅಡುಗೆಗೆ ಸಾಲಲಿಲ್ಲ, ಸೌದೆ ಕಾಸಿಲ್ಲದೆ ಸಿಗುತ್ತಿದ್ದುದರಿಂದ ಜನರಿಗೆ ಆಸಕ್ತಿಯೂ ಹುಟ್ಟಲಿಲ್ಲ. ಬಳಿಕ ಹಳ್ಳಿಯವರೊಡನೆ ಕುಳಿತು ಮಾತಾಡಿದಾಗ, ಅವರಿಗೆ ಮೊದಲು ಬೇಕಾದದ್ದು ಕುಡಿಯುವ ನೀರು ಎಂಬುದು ಸ್ಪಷ್ಟವಾಯಿತು. 1987ರಲ್ಲಿ ಅದೇ ಸ್ಥಾವರದ ಅನಿಲದಿಂದ ವಿದ್ಯುತ್ ಉತ್ಪಾದಿಸಿ, ಕೊಳವೆ ಬಾವಿಯ ನೀರನ್ನು ಮೇಲೆತ್ತಿ ಮನೆಗಳಿಗೆ ಕೊಡಲಾಯಿತು, ದೀಪವನ್ನೂ ಉರಿಸಲಾಯಿತು. ಹಳ್ಳಿಯವರು ಸೆಗಣಿ ತಂದು ಹಾಕಿದರು, ಶುಲ್ಕ ಕೊಟ್ಟರು, ತಮ್ಮವರೇ ಯಂತ್ರ ನಡೆಸಿದರು. ಸ್ಥಾವರ ಅದೇ, ಸೆಗಣಿಯೂ ಅದೇ. ಹಳ್ಳಿಯನ್ನು ಕೇಳಿದ ಮೇಲೆ ಅದರ ಗತಿ ಬದಲಾಯಿತು.

ಎರಡನೆಯದು ಒಡಿಶಾದ್ದು. ಅಲ್ಲಿನ ಹಳ್ಳಿಗಳಲ್ಲಿ ಒಂದು ಸೇವಾಸಂಸ್ಥೆ ಹೊಗೆ ಕಡಿಮೆ ಮಾಡುವ ಸುಧಾರಿತ ಒಲೆಗಳನ್ನು ಹಾಕಿಸಿಕೊಟ್ಟಿತು. ರೆಮಾ ಹಾನ್ನ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು 44 ಹಳ್ಳಿಗಳಲ್ಲಿ ನಾಲ್ಕು ವರ್ಷಗಳ ಕಾಲ ಇದರ ಫಲವನ್ನು ನೋಡಿ, 2016ರಲ್ಲಿ ಪ್ರಕಟಿಸಿದರು. ಮೊದಲ ವರ್ಷ ಮನೆಯವರು ಸೇವಿಸುವ ಹೊಗೆ ಕಡಿಮೆಯಾಗಿತ್ತು. ನಂತರ ಆ ಲಾಭ ಮಾಯವಾಯಿತು. ಒಲೆಗಳನ್ನು ಕ್ರಮವಾಗಿ ಬಳಸಲಿಲ್ಲ, ಕೊಳವೆ ಸ್ವಚ್ಛ ಮಾಡಲಿಲ್ಲ, ಒಡೆದಾಗ ಸರಿಪಡಿಸಲಿಲ್ಲ. ಆರೋಗ್ಯದಲ್ಲಿ ಗೊತ್ತಾಗುವಂಥ ಸುಧಾರಣೆ ಕಾಣಲಿಲ್ಲ. ಒಂದೇ ವರ್ಷದ ನಂತರ ಬಂದು ನೋಡಿದ್ದರೆ ಈ ದಾನ ಜಯಶಾಲಿ ಎಂದು ಬರೆದುಬಿಡುತ್ತಿದ್ದರು. ಅಸ್ತ್ರ ಒಲೆಯನ್ನು ಕಂಡ ಮಲೆನಾಡಿನ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಲೆ ಹಾಕುವವನು ಒಂದು ದಿನ ಬರುತ್ತಾನೆ, ಕೊಳವೆಯ ಮಸಿ ಪ್ರತಿ ತಿಂಗಳೂ ಕಟ್ಟುತ್ತದೆ.

ಮೂರನೆಯದು ರಾಜಸ್ಥಾನದ ಉದಯಪುರ ಜಿಲ್ಲೆಯದು. ಸೇವಾಮಂದಿರ ಎಂಬ ಸಂಸ್ಥೆ 134 ಹಳ್ಳಿಗಳಲ್ಲಿ ಮಕ್ಕಳ ಲಸಿಕೆಯ ಕುರಿತು ಒಂದು ಪ್ರಯೋಗಕ್ಕೆ ನೆರವಾಯಿತು. ಕೆಲವು ಹಳ್ಳಿಗಳಲ್ಲಿ ಪ್ರತಿ ತಿಂಗಳೂ ತಪ್ಪದೆ ಲಸಿಕೆ ಶಿಬಿರ ನಡೆಸಿದರು. ಕೆಲವು ಹಳ್ಳಿಗಳಲ್ಲಿ ಶಿಬಿರದ ಜತೆಗೆ ತಾಯಂದಿರಿಗೆ ಪ್ರತಿ ಲಸಿಕೆಗೆ ಒಂದು ಕಿಲೋ ಬೇಳೆ ಕೊಟ್ಟರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಏನೂ ಮಾಡದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ. 6, ಶಿಬಿರ ಮಾತ್ರ ನಡೆದ ಕಡೆ ಶೇ. 18, ಬೇಳೆಯನ್ನೂ ಕೊಟ್ಟ ಕಡೆ ಶೇ. 39. ಬೇಳೆ ಕೊಡುವುದು ದುಂದುವೆಚ್ಚ ಎಂದು ಯಾರಿಗಾದರೂ ತೋರುತ್ತದೆ. ಲೆಕ್ಕ ಹಾಕಿದಾಗ ಪೂರ್ಣ ಲಸಿಕೆ ಪಡೆದ ಒಂದು ಮಗುವಿಗೆ ತಗುಲಿದ ವೆಚ್ಚ ಬೇಳೆ ಕೊಟ್ಟ ಕಡೆಯೇ ಸುಮಾರು ಅರ್ಧದಷ್ಟಿತ್ತು. ದಾದಿಯ ದಿನದ ಸಂಬಳ ಎರಡೂ ಕಡೆ ಅಷ್ಟೇ. ಬೇಳೆ ಇದ್ದ ಕಡೆ ಅದೇ ದಿನದಲ್ಲಿ ಹೆಚ್ಚು ಮಕ್ಕಳು ಬಂದರು. ಎಣಿಸದೆ ಹೋಗಿದ್ದರೆ, ಮಿತವ್ಯಯದ ಹೆಸರಿನಲ್ಲಿ ಬೇಳೆಯನ್ನು ನಿಲ್ಲಿಸಿ ಹಣ ಪೋಲು ಮಾಡುತ್ತಿದ್ದರು. ಇಂಥ ಪ್ರಯೋಗಗಳ ದಾರಿಯನ್ನು ತೆರೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು.

ನೆರೆಯ ಕಾಲದ ಕೊಡುಗೆ

ಕೇಳದೆ ಕೊಡುವ ದಾನ ಆಪತ್ತಿನ ಕಾಲದಲ್ಲಿ ಇನ್ನಷ್ಟು ತೊಡಕು ತರುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಗೆ ದೇಶದೆಲ್ಲೆಡೆಯಿಂದ ಹಳೆಯ ಬಟ್ಟೆಗಳು ಬಂದು ರಸ್ತೆಯ ಬದಿಗಳಲ್ಲಿ ರಾಶಿ ಬಿದ್ದವು. ಮೀನುಗಾರರಿಗೆ ಬೇಕಾಗಿದ್ದುದು ದೋಣಿ ಹಾಗೂ ಬಲೆ. ಆ ಬಟ್ಟೆಯ ರಾಶಿಯನ್ನು ವಿಂಗಡಿಸಿ ಬೇರೆಡೆಗೆ ಬಳಸುವ ಕೆಲಸವನ್ನೇ ಗೂಂಜ್ ಎಂಬ ಸಂಸ್ಥೆ ಕೈಗೊಳ್ಳಬೇಕಾಯಿತು.

2018ರಲ್ಲಿ, ಮತ್ತೆ 2019ರಲ್ಲಿ, ಆಗಸ್ಟ್ ತಿಂಗಳ ಮಳೆಗೆ ಕಾವೇರಿ ಉಕ್ಕಿ ರಾಮನಾಥಪುರದ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿತು. ನೆರೆ ಇಳಿದ ಮನೆಯ ಅಗತ್ಯಗಳನ್ನು ಅನುಭವಿಸಿದವರೇ ಬಲ್ಲರು. ಕೆಸರು ತೆಗೆಯುವ ಕೈಗಳು, ಬಾವಿಯ ನೀರಿನ ಶುದ್ಧಿ, ನೆನೆದ ಪಹಣಿ ಹಾಗೂ ಪಡಿತರ ಚೀಟಿಯ ಪ್ರತಿ, ಮಕ್ಕಳ ಪಠ್ಯಪುಸ್ತಕ, ದನಗಳಿಗೆ ಹುಲ್ಲು, ಮರುಬಿತ್ತನೆಗೆ ಬೀಜ, ತಪ್ಪಿದ ಕೂಲಿಗೆ ಬದಲಾಗಿ ಒಂದಿಷ್ಟು ನಗದು. ಯಾವ ಮನೆಗೆ ಯಾವುದು ಬೇಕೆಂಬ ಪಟ್ಟಿಯನ್ನು ಬೀದಿಯವರೇ ಒಂದು ಸಂಜೆಯಲ್ಲಿ ಬರೆಯಬಲ್ಲರು. ಆ ಪಟ್ಟಿ ದಾನಿಗೆ ಮೊದಲು ತಲುಪಿದರೆ ಲಾರಿಯಲ್ಲಿ ಬೇಡದ ವಸ್ತು ಬರುವುದಿಲ್ಲ.

ಎರಡು ಆಕ್ಷೇಪಗಳು

ಈ ವಾದಕ್ಕೆ ಎರಡು ಆಕ್ಷೇಪಗಳಿವೆ. ಎರಡರಲ್ಲೂ ಹುರುಳಿದೆ.

ದಾನವೆಂಬುದು ಕರುಣೆಯಿಂದ ಹುಟ್ಟುವಂಥದು, ಅದಕ್ಕೆ ತಕ್ಕಡಿ ಹಿಡಿದರೆ ಕರುಣೆಯೇ ಬತ್ತುತ್ತದೆ ಎಂಬುದು ಮೊದಲನೆಯದು. ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನುಗಳಿಗೆ ಪುರಿ ಎಸೆಯುವ ಭಕ್ತನ ಸಂತೋಷವನ್ನು ಯಾವ ಅಂಕಿಯಿಂದ ಅಳೆಯುವುದು? ಅಳೆಯಬೇಕಾಗಿಲ್ಲ. ಆ ನಂಬಿಕೆಯೇ ಅಲ್ಲಿನ ಮೀನುಗಳನ್ನು ಬಲೆಯಿಂದ ಕಾಪಾಡಿಕೊಂಡು ಬಂದಿದೆ. ಆದರೆ ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನನ್ನು 2018ರಲ್ಲಿ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿ ಎಂದು ಸೇರಿಸಲಾಯಿತು. ಹೊಳೆಯ ಮೀನಿಗೆ ಪುರಿಗಿಂತ ಹೆಚ್ಚಾಗಿ ಬೇಕಾದದ್ದು ಕೊಳಕಿಲ್ಲದ ನೀರು, ಬೇಸಿಗೆಯಲ್ಲೂ ನಿಲ್ಲದ ಹರಿವು. ಮೀನಿನ ಮೇಲಿನ ಪ್ರೀತಿ ನಿಜವಾಗಿದ್ದರೆ ಪುರಿಯ ಜತೆಗೆ ಚರಂಡಿಯ ಕಡೆಗೂ ಕಣ್ಣು ಹೋಗಲೇಬೇಕು. ಹೀಗೆ ಎಣಿಸಿ ನೋಡುವುದರಿಂದ ಕರುಣೆ ಕಡಿಮೆಯಾಗುವುದಿಲ್ಲ, ಅದಕ್ಕೆ ದಾರಿ ಸಿಗುತ್ತದೆ.

ಎಣಿಸಲು ಬಾರದ್ದೆಲ್ಲ ಲೆಕ್ಕದಿಂದ ಬಿದ್ದುಹೋಗುತ್ತದೆ ಎಂಬುದು ಎರಡನೆಯ ಆಕ್ಷೇಪ. ಇದು ಹೆಚ್ಚು ಗಂಭೀರವಾದದ್ದು. ಲಸಿಕೆ ಹಾಕಿಸಿಕೊಂಡ ಮಕ್ಕಳನ್ನು ಎಣಿಸಬಹುದು. ಒಂದು ಊರು ತನ್ನ ಗೋಮಾಳದ ಒತ್ತುವರಿಯ ವಿರುದ್ಧ ಒಗ್ಗಟ್ಟಾಗುವುದನ್ನು, ಹೆಂಗಸರು ಗ್ರಾಮಸಭೆಯಲ್ಲಿ ಮಾತಾಡತೊಡಗುವುದನ್ನು ಹೇಗೆ ಎಣಿಸುವುದು? ಅಮೆರಿಕದಲ್ಲಿ 2007ರಲ್ಲಿ ಆರಂಭವಾದ ಗಿವ್‌ವೆಲ್ ಎಂಬ ಸಂಸ್ಥೆ, ಯಾವ ಸೇವಾಸಂಸ್ಥೆಗೆ ಕೊಟ್ಟ ಹಣದಿಂದ ಹೆಚ್ಚು ಜೀವ ಉಳಿಯುತ್ತದೆ ಎಂದು ಲೆಕ್ಕ ಹಾಕಿ ದಾನಿಗಳಿಗೆ ತಿಳಿಸುತ್ತದೆ. ಮಲೇರಿಯಾ ತಡೆಯುವ ಸೊಳ್ಳೆಪರದೆಗೆ ಆ ಲೆಕ್ಕ ಚೆನ್ನಾಗಿ ಒಗ್ಗುತ್ತದೆ. ಊರು ಕಟ್ಟುವ ಕೆಲಸಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಆದ್ದರಿಂದ ಅಂಕಿಯ ಜತೆಗೆ ಊರಿನವರ ಮಾತನ್ನೂ ಬರೆದಿಡಬೇಕು. ಎಣಿಸಲು ಬರುವಂಥ ಸಸಿ, ಒಲೆ, ಯಂತ್ರಗಳನ್ನಾದರೂ ಎಣಿಸದೆ ಇರುವುದಕ್ಕೆ ಮಾತ್ರ ಇದು ನೆಪವಾಗಕೂಡದು.

ಇಲ್ಲಿಯೇ ಇನ್ನೊಂದು ತಪ್ಪು ಅಳತೆಯನ್ನೂ ಹೇಳಬೇಕು. ಸಿಬ್ಬಂದಿಯ ಸಂಬಳಕ್ಕೆ, ಓಡಾಟಕ್ಕೆ ಕಡಿಮೆ ಖರ್ಚು ಮಾಡುವ ಸಂಸ್ಥೆಯೇ ಉತ್ತಮವೆಂದು ಬಹಳಷ್ಟು ದಾನಿಗಳು ನಂಬುತ್ತಾರೆ. ಸಸಿಗೆ ಹಣ ಕೊಡುತ್ತಾರೆ, ಸಸಿಯನ್ನು ನೋಡಿಕೊಳ್ಳುವವನ ಕೂಲಿಗೆ ಕೊಡಲು ಹಿಂಜರಿಯುತ್ತಾರೆ. ಪ್ರಾಮಾಣಿಕವಾಗಿ ಹಳ್ಳಿ ಸುತ್ತುವ ಕಾರ್ಯಕರ್ತೆಯ ಬಸ್ ಖರ್ಚು ದುಂದಲ್ಲ. ಅದನ್ನು ಕತ್ತರಿಸಿದ ದಿನವೇ ಬೇಲಿ ಮುರಿದದ್ದು ಯಾರಿಗೂ ತಿಳಿಯದೆ ಹೋಗುತ್ತದೆ.

ಊರು ಮಾಡಬಹುದಾದದ್ದು

ಇದೆಲ್ಲಕ್ಕೆ ದೊಡ್ಡ ಪಂಡಿತರು ಬೇಕಾಗಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ದಾನಕ್ಕೆಂದೇ ಒಂದು ಕಡತ ಇಡಬಹುದು. ಬಂದ ದಾನವೇನು, ಯಾರು ಕೇಳಿದ್ದು, ಯಾವ ಜಾಗಕ್ಕೆ ಹೋಯಿತು, ನೋಡಿಕೊಳ್ಳುವವರು ಯಾರು, ಅವರ ಕೂಲಿ ಎಲ್ಲಿಂದ ಬರುತ್ತದೆ ಎಂಬ ಐದು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಬರೆಯಬೇಕು. ಐದಕ್ಕೂ ಉತ್ತರ ಸಿಗುವವರೆಗೆ ದಾನವನ್ನು ಒಪ್ಪಬಾರದು. ಬೇಡದ ದಾನವನ್ನು ವಿನಯದಿಂದ ಬೇಡವೆನ್ನುವುದು ಅಹಂಕಾರವಲ್ಲ. ‘ಸಸಿ ಸಾಕು, ಬೇಲಿ ಕೊಡಿ’ ಎಂದು ಕೇಳಿದರೆ ನಿಜವಾದ ದಾನಿ ಸಂತೋಷಪಡುತ್ತಾನೆ.

ಎಣಿಸುವ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು. ಪ್ರತಿ ವರ್ಷ ಮೇ ತಿಂಗಳ ಕೊನೆಯ ವಾರ, ಮಳೆಗೆ ಮುನ್ನ, ನೆಟ್ಟ ಸಾಲುಗಳಲ್ಲಿ ಪ್ರತಿ ಹತ್ತನೆಯ ಗುಂಡಿಯನ್ನು ನೋಡಿ ಗಿಡ ಬದುಕಿದೆಯೇ, ಎಷ್ಟೆತ್ತರವಿದೆ, ದನ ತಿಂದಿದೆಯೇ, ಬೆಂಕಿ ತಾಗಿದೆಯೇ ಎಂದು ಬರೆದರೆ ಸಾಕು. ಸಾವಿರ ಗುಂಡಿಗೆ ನೂರು ಎಣಿಕೆ, ಇಬ್ಬರಿಗೆ ಅರ್ಧ ದಿನದ ಕೆಲಸ. ಗುಂಡಿ ಆಯ್ಕೆ ಮಾಡುವಾಗ ಚೆನ್ನಾಗಿರುವ ಕಡೆಗೆ ಹೋಗಬಾರದು, ಹತ್ತನೆಯದು ಎಲ್ಲಿ ಬಂತೋ ಅಲ್ಲಿಯೇ ನಿಲ್ಲಬೇಕು. ಪಕ್ಕದಲ್ಲಿ ಬೇಲಿ ಮಾತ್ರ ಹಾಕಿ ಏನೂ ನೆಡದೆ ಬಿಟ್ಟ ಒಂದು ತುಂಡು ನೆಲವಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ತಾನಾಗಿ ಬಂದದ್ದಕ್ಕಿಂತ ಇಲ್ಲಿ ಎಷ್ಟು ಹೆಚ್ಚು ಎಂಬುದೇ ದಾನದ ನಿಜವಾದ ಫಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಗಳಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಈ ಲೆಕ್ಕವನ್ನು ಕೇಳಿ ಪಡೆದರೆ, ಕಾಗದದ ಮೇಲಿನ ಆ ಸಮಿತಿಗಳಿಗೂ ಒಂದು ಕೆಲಸ ಸಿಗುತ್ತದೆ.

ದಾನಿಗಳು ಮಾಡಬೇಕಾದದ್ದೂ ಸರಳ. ಹಣವನ್ನು ಒಂದೇ ಸಲ ಕೊಡದೆ, ಮೂರನೆಯ ಒಂದು ಪಾಲನ್ನಾದರೂ ಎರಡನೆಯ ಹಾಗೂ ಮೂರನೆಯ ವರ್ಷದ ಪಾಲನೆಗೆ ಇಟ್ಟುಕೊಂಡು, ಎಣಿಕೆ ನೋಡಿ ಕೊಡಬೇಕು. ಎಣಿಕೆ ಕಡಿಮೆ ಬಂತೆಂದು ಮುಖ ತಿರುಗಿಸಬಾರದು. ಸತ್ತ ಸಸಿಯನ್ನು ಸತ್ತಿತೆಂದು ಬರೆದ ಊರಿಗೆ ಶಿಕ್ಷೆ ಕೊಟ್ಟರೆ, ಮುಂದಿನ ವರ್ಷ ಎಲ್ಲ ಊರುಗಳೂ ಎಲ್ಲ ಸಸಿಗಳೂ ಬದುಕಿವೆಯೆಂದೇ ಬರೆಯುತ್ತವೆ. ಕಾರಣ ಕೇಳಿ, ತಿದ್ದಿಕೊಳ್ಳಲು ನೆರವು ಕೊಟ್ಟರೆ ಮಾತ್ರ ನಿಜವಾದ ಅಂಕಿ ಹೊರಬರುತ್ತದೆ.

ಫಲಕದ ಮೇಲೆ ದಾನಿಯ ಹೆಸರಿರಲಿ, ತಪ್ಪಿಲ್ಲ. ಅದರ ಕೆಳಗೆ ಮೂರು ಖಾಲಿ ಸಾಲುಗಳೂ ಇರಲಿ. ಮೊದಲ ಬೇಸಿಗೆ ಉಳಿದದ್ದು, ಎರಡನೆಯ ಬೇಸಿಗೆ ಉಳಿದದ್ದು, ಮೂರನೆಯ ಬೇಸಿಗೆ ಉಳಿದದ್ದು ಎಂದು ಊರಿನ ಮಕ್ಕಳು ಬಣ್ಣದಲ್ಲಿ ಬರೆಯಲಿ. ಆ ಸಾಲುಗಳನ್ನು ತುಂಬಲು ಒಪ್ಪುವ ದಾನಿಯನ್ನೂ, ತುಂಬಲು ನಾಚದ ಊರನ್ನೂ ಹುಡುಕುವ ಕೆಲಸ ಬರುವ ಮುಂಗಾರಿಗೆ ಮೊದಲೇ ಆರಂಭವಾಗಬೇಕು.